ಬಹುಮಾನದ ಸಿನೆಮಾದೊಳಗೆ ಸೋಮಿ

ರಾಮದುರ್ಗದ ನೇಕಾರರ ಮೇಲೆ ತೆಗೆದ ಸಿನೆಮಾಕ್ಕೆ ಯುರೋಪಿನ ಯಾವುದೋ ಊರಿನ ಚಿತ್ರೋತ್ಸವದಲ್ಲಿ ಮೊದಲ ಬಹುಮಾನ ಬಂದಿದೆ ಎಂದು ರಘೋತ್ತಮ ಮಾಸ್ತರರು ಪೇಪರು ಹಿಡಿದುಕೊಂಡು ಬಂದಾಗ ಇಡೀ ಓಣಿ ಹಿಗ್ಗಿತು. ಇಪ್ಪತ್ತೆರಡು ದೇಶಗಳ ಸಿನೆಮಾಗಳು ಸ್ಪರ್ಧೆಯಲ್ಲಿದ್ದವಂತೆ. ಆ ದೇಶಗಳ ಹೆಸರು ಹೇಳಲು ನಾಲಿಗೆ ಹೊರಳದವರೂ ಎದೆ ಉಬ್ಬಿಸಿ ಓಡಾಡಿದರು. ಮಗ್ಗದ ಮೇಲೆ ಕೂತು ಕ್ಯಾಮರಾಕ್ಕೆ ಹಲ್ಲು ಕಿಸಿದಿದ್ದ ಲಗಮಣ್ಣನಂತೂ ಬಹುಮಾನ ತನಗೇ ಬಂದಂತೆ ಮೀಸೆ ತಿರುವಿದ.

ಗುರವ್ವ ಮಾತ್ರ ನೂಲು ಸುತ್ತುವ ರಾಟಿ ನಿಲ್ಲಿಸಿ ಒಂದೇ ಮಾತು ಕೇಳಿದಳು.

"ಮಾಸ್ತರ್ರ, ಅದರಾಗ ನಮ್ಮ ಸೋಮಿ ಅದಾಳೇನ್ರಿ?"

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. "ಬಹುಮಾನ ಬಂದದ್ದೇ ಒಂದು ಕೂಸಿನ ಸಲುವಾಗಿ ಅಂತ ಬರದಾರ, ಗುರವ್ವಾ. ಬ್ಯಾರೆ ಕೂಸು ಎಲ್ಲಿಂದ ಬರಬೇಕು? ನಿಮ್ಮ ಸೋಮಿನೇ ಇರಬೇಕು ನೋಡವಾ."

ಸೋಮಿ, ಅಂದರೆ ಸೋಮವ್ವ, ಗುರವ್ವನ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಮುಂಬಯಿಯವರು ಕ್ಯಾಮರಾ ಹೊತ್ತು ಬಂದಾಗ ಅವಳಿಗೆ ಆಗಷ್ಟೇ ಎರಡು ತುಂಬಿತ್ತು. ಅವರು ಹೋದ ಆರು ತಿಂಗಳಿಗೆ ಜ್ವರ ಬಂತು, ನಾಲ್ಕೇ ದಿನಕ್ಕೆ ಕೂಸು ಹೋಯಿತು. ಒಂದು ಫೋಟೋ ಇಲ್ಲ. ಫೋಟೋ ತೆಗೆಸಿದರೆ ಕೂಸಿನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವ ಓಣಿ ಅದು. ತೆಗೆಸದೆ ಇದ್ದುದಕ್ಕೆ ಯಾವ ಆಯುಷ್ಯ ಹೆಚ್ಚಾಯಿತೋ ದೇವರೇ ಬಲ್ಲ. ಈಗೀಗ ಗುರವ್ವನಿಗೆ ಮಗಳ ಮುಖ ನೆನಪಿಗೆ ಬರುತ್ತಿರಲಿಲ್ಲ. ಗೆಜ್ಜೆಯ ಸಪ್ಪಳ ನೆನಪಿತ್ತು, ತಲೆಯ ಎಣ್ಣೆಯ ವಾಸನೆ ನೆನಪಿತ್ತು, ಮುಖ ಮಾತ್ರ ಎಷ್ಟು ಕಣ್ಣು ಮುಚ್ಚಿ ಕೂತರೂ ಬರುತ್ತಿರಲಿಲ್ಲ. ಹೆತ್ತವಳಿಗೆ ಇದಕ್ಕಿಂತ ಸಂಕಟ ಬೇರೆ ಉಂಟೇ? ನಾಚಿಕೆಯಿಂದ ಗಂಡ ಬಸಲಿಂಗಪ್ಪನ ಮುಂದೂ ಅವಳು ಬಾಯಿಬಿಟ್ಟಿರಲಿಲ್ಲ.

ಮೂರು ದಿನ ಚಿತ್ರ ತೆಗೆದಿದ್ದರು. ಆ ಕರಿ ಪೆಟ್ಟಿಗೆ ತಮ್ಮ ಕಡೆ ತಿರುಗಿದಾಗಲೆಲ್ಲ ಗುರವ್ವ ಸೆರಗೆಳೆದು ಸೋಮಿಯ ಮುಖ ಮುಚ್ಚಿದ್ದಳು. "ದೃಷ್ಟಿ ಆಗತೈತಿ, ಮಾರಿ ಮುಚ್ಕೋ ನನ್ನವ್ವಾ" ಎಂದು ಕೂಸಿಗೂ ಹೇಳಿದ್ದಳು. ಮುಂಬಯಿಯವರು ಎಷ್ಟು ಗೋಗರೆದರೂ ಜಗ್ಗಲಿಲ್ಲ. ಆದರೆ ಮೂರನೆಯ ದಿನ ನೀರು ತರಲು ಹೋಗಿ ಬರುವಷ್ಟರಲ್ಲಿ ಕ್ಯಾಮರಾದವನು ಸೋಮಿಯ ಎದುರಿಗೇ ಕುಕ್ಕರುಗಾಲಲ್ಲಿ ಕೂತಿದ್ದ, ಪೆಟ್ಟಿಗೆ ಗಿರ್ರೆನ್ನುತ್ತಿತ್ತು. ಅಂದು ಅವನಿಗೆ ಬಾಯಿಗೆ ಬಂದಂತೆ ಬೈದವಳು ಇಂದು ಇದ್ದಲ್ಲಿಂದಲೇ ಕೈಮುಗಿದಳು. ತಾನಿಲ್ಲದ ಹೊತ್ತಿನಲ್ಲಿ ಆ ಪುಣ್ಯಾತ್ಮ ಮಗಳ ಮುಖವನ್ನು ಉಳಿಸಿಟ್ಟಿದ್ದಾನೆ!

ಆ ಸಿನೆಮಾ ತೋರಿಸಲು ಸರಕಾರದ ಗಾಡಿ ಬೈಲಹೊಂಗಲದ ತನಕ ಬರುತ್ತದೆ ಎಂದು ತಿಳಿದಾಗ ಅವಳು ಹೊರಟು ನಿಂತಳು.

"ಆರಿದ ಗಾಯ ಯಾಕ ಕೆದರತೀ?" ಎಂದ ಬಸಲಿಂಗಪ್ಪ.

"ನಿಮಗ ಆರೈತೇನ್ರಿ?"

ಬಸಲಿಂಗಪ್ಪ ಮಗ್ಗದಿಂದೆದ್ದು ಅಂಗಿ ಹಾಕಿಕೊಂಡ.

ಮಾಸ್ತರರೂ ಜೊತೆಗೆ ಬಂದರು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬೈಲಹೊಂಗಲ ಮುಟ್ಟಿದರು. ಸಿನೆಮಾ ತೋರಿಸಲು ಅಲ್ಲಿನ ಸಾಲೆಯ ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ದರು. ಸಿನೆಮಾದ ಊರಿನವರು ಎಂದು ಇವರನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು.

ಪರದೆಯ ಮೇಲೆ ಮಗ್ಗಗಳು ಬಂದವು, ಬಣ್ಣ ಹಾಕಿ ಒಣಗಲು ಬಿಟ್ಟ ನೂಲು ಬಂತು, ಲಗಮಣ್ಣನ ಹಲ್ಲು ಬಂತು. ಆಮೇಲೆ ಗುರವ್ವನ ಮನೆಯ ಪಡಸಾಲೆ. ಅಲ್ಲಿ ಸೋಮಿ ಬೆನ್ನು ಮಾಡಿ ನಿಂತು ನೂಲಿನ ಉಂಡೆಯೊಂದಿಗೆ ಆಡುತ್ತಿದ್ದಳು. ಗುರವ್ವ ಗಂಡನ ಕೈ ಹಿಡಿದಳು. ಪೆಟ್ಟಿಗೆಯ ಸದ್ದು ಕೇಳಿಸಿತೋ ಏನೋ, ಸೋಮಿ ಆಟ ನಿಲ್ಲಿಸಿದಳು. ಇತ್ತ ತಿರುಗತೊಡಗಿದಳು. ತಿರುಗುತ್ತಲೇ ಎರಡೂ ಕೈಯಿಂದ ತನ್ನ ಅಂಗಿಯ ಅಂಚು ಎತ್ತಿ ಮುಖದ ಮೇಲೆ ಎಳೆದುಕೊಂಡಳು.

ದುಂಡು ಹೊಟ್ಟೆ ಕಂಡು ಜನ ಗೊಳ್ಳೆಂದು ನಕ್ಕರು. ಸೋಮಿ ಹಾಗೇ ನಿಂತಿದ್ದಳು, ಅಂಗಿಯ ಒಳಗೆ, ಒಂದಿಷ್ಟೂ ಅಲುಗದೆ.

"ಅಂಗಿ ಬಿಡ, ಸೋಮೀ!" ಗುರವ್ವ ಎದ್ದು ನಿಂತಿದ್ದಳು. "ಮಾರಿ ತೋರಸ ನನ್ನವ್ವಾ, ನಾ ಇಲ್ಲೇ ಅದೇನಿ. ಒಂದ ಸಲ ತೋರಸ!"

ನಗು ನಿಂತಿತು. ಪರದೆಯ ಮೇಲೆ ಮತ್ತೆ ಮಗ್ಗ ಬಂದಿತ್ತು.

ಬಸಲಿಂಗಪ್ಪ ಅವಳನ್ನು ಹೊರಗೆ ಕರೆತಂದು ಬೇವಿನ ಗಿಡದ ಕೆಳಗೆ ಕೂರಿಸಿದ. ಹುಟ್ಟಾ ಸುಳ್ಳು ಹೇಳಿದವನಲ್ಲ, ಅವತ್ತು ಹೇಳಿದ. "ತಿರಗೂ ಮುಂದ ಚೂರು ಮಾರಿ ಕಂಡಿತಲ್ಲ. ನಾ ನೋಡಿದ್ನಿ. ಥೇಟ್ ನಿನ್ನಂಗ ಐತಿ."

ಗುರವ್ವ ತಲೆ ಅಲ್ಲಾಡಿಸಿದಳು. ಅಳು ಆಗ ಬಂತು.

"ಇಲ್ರಿ, ಕಾಣಲಿಲ್ಲ. ನಾ ಹೇಳಿದ ಮಾತು ಕೂಸು ಮೀರಲಿಲ್ಲ. ನಾ ಮನ್ಯಾಗ ಇಲ್ಲದಾಗೂ ಮೀರಲಿಲ್ರಿ."