ಶ್ಯಾವಿಗೆಯ ಇನ್ನೊಂದು ತುದಿ

ಮಗಳ ಬಾಣಂತನಕ್ಕೆಂದು ಗದಗಿನಿಂದ ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದ ಚನ್ನಬಸವ್ವನಿಗೆ ಎರಡೇ ತಿಂಗಳಲ್ಲಿ ಕೈಗೆ ಕೆಲಸವಿಲ್ಲದೆ ತಲೆ ಕೆಟ್ಟುಹೋಯಿತು. ಪಾತ್ರೆಗೆ ಯಂತ್ರ, ಬಟ್ಟೆಗೆ ಯಂತ್ರ, ಕೂಸು ಲಾಸ್ಯಾಳನ್ನು ತೂಗಲೂ ಬ್ಯಾಟರಿಯ ತೊಟ್ಟಿಲು. ಅಪಾರ್ಟ್‌ಮೆಂಟಿನ ಬಾಗಿಲು ತೆರೆದರೆ ಮಾತಾಡಿಸಲು ನರಪಿಳ್ಳೆಯಿಲ್ಲ. ಹೀಗಿರುವಾಗ ಮಗಳು ನಿವೇದಿತಾ ಒಂದು ದಿನ, "ಅವ್ವಾ, ನೀ ಶ್ಯಾವಿಗಿ ಹೊಸೀತಿದ್ದಿ ಅಲ್ಲ? ಒಬ್ಬ ಜಪಾನಿ ಅಜ್ಜಗ ನಿನ್ನಂಥವರು ಬೇಕಾಗ್ಯಾರ" ಎಂದಳು. ಯಾಕೆ, ಏನು ಎಂದು ಕೇಳದೆ ಚನ್ನಬಸವ್ವ ಸೆರಗು ಸಿಕ್ಕಿಸಿ ನಿಂತಳು. ಕೇಳಬೇಕಾಗಿತ್ತು.

ಅದು ತೊಂಬತ್ತೊಂಬತ್ತರ ಚಳಿಗಾಲ. ಹತ್ತಿರದ ಊರು ಮೌಂಟನ್ ವ್ಯೂನಲ್ಲಿ ನಿವೇದಿತಾ ಸೇರಿದ್ದ ಕಂಪನಿಗೆ ಒಂಬತ್ತು ತಿಂಗಳು ತುಂಬಿತ್ತು. ಅದು ಇನ್ನೂ ಒಂದು ಡಬ್ಬಿಯನ್ನೂ ಮಾರಿರಲಿಲ್ಲ, ಆದರೂ ಅಲ್ಲಿದ್ದವರೆಲ್ಲ ಆಗಲೇ ಕೋಟ್ಯಧೀಶರಾದವರಂತೆ ಎದೆ ಸೆಟೆಸಿ ಓಡಾಡುತ್ತಿದ್ದರು. ದೇಶದೇಶದ ಹಳೆಯ ತಿನಿಸುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುವುದು ಅವರ ಯೋಚನೆ. ಒಂದೊಂದು ತಿನಿಸಿಗೂ ಒಂದೊಂದು ಇತಿಹಾಸ ಬರೆಯುವುದು ನಿವೇದಿತಾಳ ಉದ್ಯೋಗ.

ಕಂಪನಿ ಮಾರಲು ಆರಿಸಿಕೊಂಡದ್ದರಲ್ಲಿ ಆ ಜಪಾನಿ ಅಜ್ಜನ ಶ್ಯಾವಿಗೆಯೂ ಒಂದು. ಅವನ ಹೆಸರು ಇಶಿದಾ. ಸ್ಯಾನ್ ಹೋಸೆಯ ಜಪಾನಿ ಕೇರಿಯಲ್ಲಿ ಮನೆ, ಮನೆಯ ಗ್ಯಾರೇಜಿನಲ್ಲಿ ಅವನ ಶ್ಯಾವಿಗೆ. ಅವನದು ಶೋದೋಶಿಮಾ ಎಂಬ ದ್ವೀಪ. ನಾನೂರು ವರ್ಷಗಳ ಹಿಂದೆ ಆ ದ್ವೀಪದವರು ತೀರ್ಥಯಾತ್ರೆಗೆ ಹೋದಾಗ ದಾರಿಯ ಊರಿನಲ್ಲಿ ಈ ವಿದ್ಯೆ ಕಂಡು, ಕಲಿತು ತಂದರಂತೆ. ಹೊಲದ ಕೆಲಸ ಮುಗಿದ ಚಳಿಯಲ್ಲಿ ಮನೆಮನೆಯವರೂ ಶ್ಯಾವಿಗೆ ಎಳೆಯುತ್ತಿದ್ದರಂತೆ. ಗೋಧಿ ಹಿಟ್ಟು, ಸಮುದ್ರದ ಉಪ್ಪು, ಎಳ್ಳೆಣ್ಣೆ, ಇಷ್ಟೇ. ಅಜ್ಜ ತುಂಡು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಿವೇದಿತಾ ಬರೆದುಕೊಂಡು ಅವ್ವನಿಗೂ ತಿಳಿಸಿದಳು.

"ಯಾತ್ರಾಕ್ಕ ಹೋಗಿ ಕಲ್ತು ಬಂದ್ರ? ಶಾಣ್ಯಾರು ಬಿಡು" ಎಂದಳು ಚನ್ನಬಸವ್ವ.

ಹಗ್ಗದಂತೆ ಹೊಸೆದ ಹಿಟ್ಟಿಗೆ ಎಣ್ಣೆ ಸವರಿ ಎರಡು ಕೋಲುಗಳಿಗೆ ಸುತ್ತಬೇಕು. ಒಂದು ಕೋಲು ಅಜ್ಜನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಎಳೆಯಬೇಕು, ಹಿಟ್ಟು ಸುಧಾರಿಸಿಕೊಳ್ಳಲು ಬಿಡಬೇಕು, ಮತ್ತೆ ಎಳೆಯಬೇಕು. ಆ ಕಡೆಯವರ ಉಸಿರು ತಿಳಿಯದಿದ್ದರೆ ಎಳೆ ಹರಿಯುತ್ತದೆ. ಮೂವತ್ತೆಂಟು ವರ್ಷ ಆ ಇನ್ನೊಂದು ಕೋಲು ಹಿಡಿದವಳು ಅವನ ಹೆಂಡತಿ ಫುಮಿ. ಅವಳು ತೀರಿಕೊಂಡ ಮೇಲೆ ಮೂರು ಚಳಿಗಾಲ ಅಜ್ಜ ಹಿಟ್ಟು ಮುಟ್ಟಿರಲಿಲ್ಲ. ಒಳಕೋಣೆಯಲ್ಲಿ ಅವಳ ಪಟದ ಮುಂದೆ ದಿನಾ ಅನ್ನ ಇಡುತ್ತಿದ್ದ.

ಮೊದಲ ದಿನ ಚನ್ನಬಸವ್ವ ಹನ್ನೊಂದು ಸಲ ಎಳೆ ಹರಿದಳು. ಅಜ್ಜ ಪ್ರತಿಸಲವೂ ಹೊಸದಾಗಿ ಹಿಟ್ಟು ಸುತ್ತಿಕೊಟ್ಟ. ಮೂರನೆಯ ವಾರ ಒಂದೂ ಹರಿಯಲಿಲ್ಲ, ಆಗ ಅವನು ತಲೆಬಾಗಿಸಿದ. ಇವಳೂ ಕೈಮುಗಿದಳು. ಅವನ ಭಾಷೆ ಇವಳಿಗಿಲ್ಲ, ಇವಳದು ಅವನಿಗಿಲ್ಲ, ಆದರೂ ಮಂಗಳವಾರ, ಶುಕ್ರವಾರ ಬಂದರೆ ಅವಳಿಗೆ ಹಬ್ಬ. ಅಂಗಳದ ಗಳುವಿನ ಮೇಲೆ ಬೆಳ್ಳಗಿನ ಎಳೆಗಳು ಗಾಳಿಗೆ ಆಡುವುದನ್ನು ನೋಡುತ್ತ, ಈ ದೇಶದಲ್ಲಿ ನನಗೂ ಒಂದು ಜಾಗವಿದೆ ಎಂದು ಅವಳಿಗೆ ಅನ್ನಿಸಿತು. ಗದಗಿನಲ್ಲಿ ಬಟ್ಟೆ ಅಂಗಡಿ ಬಿಟ್ಟು ಬರಲಾರದ ಗಂಡ ಅಡಿವೆಪ್ಪನಿಗೆ ಫೋನಿನಲ್ಲಿ ಹೇಳಿದ್ದೂ ಇದೊಂದೇ ಸುದ್ದಿ.

ಜನವರಿಯಲ್ಲಿ ಫೋಟೋ ತೆಗೆಯಲು ಕಂಪನಿಯವರು ಬಂದರು. ಅಜ್ಜ ಮೊದಲೇ ಮಾತು ಪಡೆದಿದ್ದ: ಫುಮಿ ತೀರಿಕೊಂಡದ್ದನ್ನೂ, ಈಗ ಕೋಲು ಹಿಡಿಯುವವಳು ಗದಗಿನ ಚನ್ನಬಸವ್ವ ಎಂಬುದನ್ನೂ ಬರೆಯಬೇಕು. ನಿವೇದಿತಾ ಹೂಂ ಅಂದಿದ್ದಳು. ಅವನು ಗಳು ಸರಿಪಡಿಸಲು ಅಂಗಳಕ್ಕೆ ಹೋದಾಗ ಫೋಟೋದವನು ಏನೋ ಗೊಣಗಿದ. ನಿವೇದಿತಾ ಅವ್ವನ ಕಿವಿಯ ಹತ್ತಿರ ಬಂದಳು.

"ಅವ್ವಾ, ಬರೇ ಕೈ ತಗೀತಾರಂತ. ಹಸಿರು ಬಳಿ ಜಪಾನಿ ಹಂಗ ಕಾಣಂಗಿಲ್ಲ. ಒಂದೀಟು ತಗಿ."

"ಮುತ್ತೈದಿ ಕೈಯಾನ ಬಳಿ ತಗಿ ಅಂತೀಯೇನ?"

"ಹತ್ತು ನಿಮಿಷ ಅವ್ವಾ. ನನ್ನ ಕೆಲಸದ ಪ್ರಶ್ನಿ ಐತಿ."

ಮಗಳ ಕೆಲಸ ಎಂದ ಮೇಲೆ ಏನು ಮಾಡುತ್ತಾಳೆ? ಅವಳ ಕೈ ಈಗ ದಪ್ಪಗಾಗಿತ್ತು. ನಿವೇದಿತಾ ಅಜ್ಜನ ಎಳ್ಳೆಣ್ಣೆಯನ್ನೇ ಹಚ್ಚಿ ಎಳೆದಳು. ಹನ್ನೆರಡರಲ್ಲಿ ಒಂಬತ್ತು ಒಡೆದವು, ಒಂದು ಚೂರು ಮಣಿಕಟ್ಟಿಗೆ ಗೀರಿತು. ಉಳಿದ ಮೂರನ್ನು ನಿವೇದಿತಾ ಟಿಶ್ಯೂ ಕಾಗದದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡು ಮರೆತಳು. ಒಳಗೆ ಬಂದ ಅಜ್ಜ ಬರಿಗೈ ನೋಡಿ ಹುಬ್ಬು ಗಂಟಿಕ್ಕಿದ. ಆಮೇಲೆ ತನ್ನ ಕೋಲು ಹಿಡಿದ.

ಮನೆಗೆ ಬಂದು ಚನ್ನಬಸವ್ವ ಬರಿಗೈಗೆ ಅರಿಸಿನದ ದಾರ ಕಟ್ಟಿಕೊಂಡಳು. ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಅವಳ ಅಳತೆಯ ಗಾಜಿನ ಬಳೆ ಸಿಗಲಿಲ್ಲ.

ಫೆಬ್ರುವರಿಯಲ್ಲಿ ಕಂಪ್ಯೂಟರಿನಲ್ಲಿ ಆ ಪುಟ ಬಂತು. ಎರಡು ಜೊತೆ ಕೈಗಳು, ನಡುವೆ ಮಳೆಯಂಥ ಎಳೆಗಳು. ತನ್ನ ಕೈ ಇಷ್ಟು ಚಂದವೇ ಎಂದು ಚನ್ನಬಸವ್ವ ಬೆರಗಾದಳು.

"ಕೆಳಗ ಏನ್ ಬರ್ದಾರ?"

"ನಿನ್ನ ಹೆಸರ ಐತಿ ಅವ್ವಾ" ಎಂದಳು ನಿವೇದಿತಾ, ಪರದೆಯಿಂದ ಕಣ್ಣು ಕೀಳದೆ. ಹೆತ್ತ ತಾಯಿಗೆ, ಅಕ್ಷರ ಬಾರದವಳೆಂದು ಗೊತ್ತಿದ್ದೇ, ಸಲೀಸಾಗಿ ಹೇಳಿದಳು.

ಆ ಶುಕ್ರವಾರ ನಿವೇದಿತಾ ಕೂಸಿನೊಂದಿಗೆ ಕಾರಿನಲ್ಲೇ ಕೂತಳು. ಚನ್ನಬಸವ್ವ ಎಂದಿನಂತೆ ಸೆರಗು ಸಿಕ್ಕಿಸಿ ಗ್ಯಾರೇಜಿಗೆ ಹೋದಳು. ಅಜ್ಜ ಎಳೆಯುತ್ತಿದ್ದ. ಅವಳ ಕೋಲು ಯಾರ ಕೈಯಲ್ಲೂ ಇರಲಿಲ್ಲ. ಗೋಡೆಗೆ ಎರಡು ದಪ್ಪ ಮೊಳೆ ಹೊಡೆದು ಅದನ್ನು ಸಿಕ್ಕಿಸಿದ್ದ. ಮೊಳೆಗೆ ಉಸಿರಿಲ್ಲ, ಎಳೆಗಳು ಪಟಪಟ ಹರಿದು ನೆಲಕ್ಕೆ ಬೀಳುತ್ತಿದ್ದವು. ಅವನು ಅವನ್ನು ತುಳಿದುಕೊಂಡೇ ಎಳೆಯುತ್ತಿದ್ದ. ಅವಳು ಓಡಿಹೋಗಿ ಕೋಲಿಗೆ ಕೈ ಹಾಕಿದಳು. ಅಜ್ಜ ಆ ಕೈಯನ್ನು ಸರಿಸಿದ.

ಒಳಗೆ ಹೋಗಿ ಕಂಪನಿಯವರು ಕಟ್ಟು ಹಾಕಿಸಿ ಕಳಿಸಿದ್ದ ಆ ಫೋಟೋ ತಂದ. ಇನ್ನೊಂದು ಕೈಯಲ್ಲಿ ಹೆಂಡತಿಯ ಪಟ. ಎರಡನ್ನೂ ಹಲಗೆಯ ಮೇಲೆ ಇಟ್ಟು, ಫೋಟೋದ ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದ. "ಫುಮಿ. ವೈಫ್." ಬೆರಳು ಫೋಟೋದಲ್ಲಿದ್ದ ಚನ್ನಬಸವ್ವನ ಬರಿಗೈಗೆ ಬಂತು. "ಯೂ?"

ಅಷ್ಟು ಇಂಗ್ಲಿಷು ಚನ್ನಬಸವ್ವನಿಗೂ ಅರ್ಥವಾಯಿತು. ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು. ಬಳೆ ತೆಗೆದು ನಿಂತವಳು ತಾನೇ ಅಲ್ಲವೆ? ಸತ್ತವಳ ಜಾಗಕ್ಕೆ ಆಸೆಪಟ್ಟು ಬಂದವಳಂತೆ ಕಂಡಿರಬೇಕು ಅವನಿಗೆ. ಹಾಗಲ್ಲ ಎಂದು ಹೇಳುವ ಭಾಷೆ ಅವಳಲ್ಲಿರಲಿಲ್ಲ. ಅಜ್ಜ ಸೊಂಟದವರೆಗೆ ಬಾಗಿ ವಂದಿಸಿ, ಗ್ಯಾರೇಜಿನ ಬಾಗಿಲು ಕೆಳಗೆಳೆದ.

ಕಾರಿನಲ್ಲಿ ಕೂತು ಚನ್ನಬಸವ್ವ ಕೇಳಿದಳು. "ನನ್ನ ಆ ಅಜ್ಜನ ಹೇಂತಿ ಅಂತ ಬರದ್ಯಲ್ಲ. ನಿಮ್ಮಪ್ಪ ಇನ್ನೂ ಅದಾನು."

"ಅಮಿತ್‌ಗ ಗಂಡಾ ಹೆಂಡತಿ ಕಥೀನ ಬೇಕಾಗಿತ್ತು ಅವ್ವಾ. ನಮ್ಮ ಬಾಸು ಅಂವಾ. ದುಡ್ಡು ಹಾಕೋರಿಗೆ ಸತ್ತವರ ಸುದ್ದಿ ಹಿಡಿಸಂಗಿಲ್ಲ." ಫ್ರೀವೇಗೆ ಸೇರುವಾಗ ನಿವೇದಿತಾ ಕನ್ನಡಿ ನೋಡಿಕೊಂಡಳು. "ಬರೇ ಕೈ ಅಲ್ಲೇನ? ಮುಖ ಎಲ್ಲಿ ಬಂದೈತಿ?"

"ಅಂವಾ ಬಾಗಲಾ ಹಾಕ್ಕೊಂಡ. ಇನ್ನ ಕರಿಯಂಗಿಲ್ಲ."

"ಬಿಡು. ಪ್ಯಾಕೆಟ್ಟಿಗೆ ಇನ್ನೊಂದು ಫೋಟೋ ಬೇಕಾಗೈತಿ, ಅದನ್ನ ಸ್ಟುಡಿಯೋದಾಗ ತಗೀತಾರ. ಅಜ್ಜ ಇಲ್ಲಾಂದ್ರೂ ನಡೀತೈತಿ, ನಿನ್ನ ಕೈ ಸಾಕು." ಅವ್ವನ ಮಣಿಕಟ್ಟಿನ ಕಡೆ ಒಮ್ಮೆ ನೋಡಿದಳು. "ಆ ದಾರ ಅಷ್ಟ ಬಿಚ್ಚಿ ಬಾ. ಬಳಿ ಹೆಂಗೂ ಇಲ್ಲ, ಸಲೀಸಾತು."

ಹಿಂದಿನ ಸೀಟಿನಲ್ಲಿ ಲಾಸ್ಯಾ ಅಳತೊಡಗಿದಳು. ಚನ್ನಬಸವ್ವ ಕೂಸಿನತ್ತ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಮನೆ ಬರುವವರೆಗೂ ಹಾಗೇ ಕೂತಿದ್ದಳು.