ಮುದ್ದಿಯ ಎದೆನೋವು ಗ್ಯಾಸ್ ಅಲ್ಲ

ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಜೋರಾಗಿತ್ತು. ಹಣ್ಣಿನ ಚೀಲ ಹೊತ್ತು ಏರು ಹತ್ತುತ್ತಿದ್ದ ಮುದ್ದಿ ಅರ್ಧದಲ್ಲೇ ಚೀಲ ಇಳಿಸಿ, ಎದೆ ಹಿಡಿದುಕೊಂಡು ಕೂತಳು.

"ಶುರುವಾಯ್ತಾ ನಿನ್ನ ನಾಟಕ?" ಎಂದ ರೈಟರ್ ತೀರ್ಥಪ್ರಸಾದ್. ಆಳುಗಳ ಕೆಲಸ ನೋಡಿಕೊಳ್ಳುವವನು ಅವನೇ.

ಮಗಳು ಅನುಶ್ರೀಗೆ ಮೈಯೆಲ್ಲ ಉರಿಯಿತು. ಮಡಿಕೇರಿಯಲ್ಲಿ ನರ್ಸಿಂಗ್ ಓದುವ ಅವಳು ರಜೆಗೆಂದು ಬಂದು ಅವ್ವನ ಜೊತೆ ಹಣ್ಣು ಕೀಳುತ್ತಿದ್ದಳು. ಓಡಿ ಬಂದು ನೋಡಿದರೆ, ಅಷ್ಟು ಚಳಿಯಲ್ಲೂ ಅವ್ವನ ಹಣೆ ತುಂಬ ಬೆವರು.

"ಏನಾಗ್ತದೆ ಅವ್ವ?"

"ಎದೆ ಮೇಲೆ ಕಲ್ಲು ಹೇರಿದಂಗೆ ಕಣೆ. ಸ್ವಲ್ಪ ಕೂತ್ರೆ ಹೋಗ್ತದೆ."

ಹೋಯಿತು ಕೂಡ. ಮುದ್ದಿ ಮತ್ತೆ ಚೀಲಕ್ಕೆ ಕೈ ಹಾಕಿದಳು. ಅನುಶ್ರೀ ಅದನ್ನು ಕಿತ್ತುಕೊಂಡು ತಾನೇ ಹೊತ್ತಳು.

ಸಂಜೆ ಆಳುಗಳ ಲೈನ್ ಮನೆಯಲ್ಲಿ ವಿಷಯ ಕೇಳಿ ಅಪ್ಪ ನಿಂಗ ನಕ್ಕುಬಿಟ್ಟ. "ಗ್ಯಾಸ್ ಅದು. ಸೋಡಾ ಕುಡೀಲಿ. ಹೆಂಗಸ್ರಿಗೆ ಎಂಥ ಹಾರ್ಟ್ ಪ್ರಾಬ್ಲಮ್ಮು!"

"ಗ್ಯಾಸಿಗೆ ಏರು ಯಾವುದು, ಇಳಿಜಾರು ಯಾವುದು ಅಂತ ಗೊತ್ತಾಗ್ತದಾ ಅಪ್ಪ? ಚೀಲ ಹೊತ್ತಾಗ ಬರೋದು, ಕೂತಾಗ ಹೋಗೋದು?" ಅವ್ವನ ಕಡೆ ತಿರುಗಿದಳು. "ನೋವು ಬೇರೆ ಕಡೆಗೂ ಹೋಗ್ತದಾ?"

"ಎಡಗೈಗೆ ಇಳೀತದೆ. ದವಡೆಯೂ ಹಿಡ್ಕೊಳ್ತದೆ. ಹುತ್ತರಿ ಹಬ್ಬ ಕಳೆದ ಮೇಲಿಂದ ಹಿಂಗೇ."

"ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಸೋಮಾರಿ ಅಂತಾರೆ."

ಅನುಶ್ರೀಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಕೇಳಪ್ಪ. ಮೈಗೆಲ್ಲ ರಕ್ತ ಕಳಿಸೋ ಹೃದಯಕ್ಕೂ ರಕ್ತ ಬೇಕು. ಅದನ್ನ ತರೋ ನಾಳದೊಳಗೆ ಕೊಬ್ಬು ಕಟ್ಕೊಂಡ್ರೆ ದಾರಿ ಸಣ್ಣ ಆಗ್ತದೆ. ಸುಮ್ನೆ ಕೂತಾಗ ಬರೋ ರಕ್ತ ಸಾಕು, ಏರು ಹತ್ತುವಾಗ ಸಾಲಲ್ಲ. ಆಗ ಬರೋ ನೋವಿಗೇ ಆಂಜೈನಾ ಅನ್ನೋದು. ಅವ್ವಂಗೆ ಶುಗರ್ ಬೇರೆ ಇದೆ, ಹೊಗೆಸೊಪ್ಪು ಬೇರೆ ಹಾಕ್ತಾಳೆ."

ಮರುದಿನ ಪೇಟೆಯ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ಡಾಕ್ಟರು ಇಸಿಜಿ ತೆಗೆದರು. "ನಾರ್ಮಲ್, ಗ್ಯಾಸ್ ಅಷ್ಟೇ" ಎಂದು ಮಾತ್ರೆ ಬರೆದು ಕಳಿಸಿದರು.

"ನೋಡಿದ್ಯಾ?" ನಿಂಗನ ಮುಖ ಅರಳಿತು.

"ನೋವಿಲ್ಲದಾಗ ತೆಗೆದ ಇಸಿಜಿ ನಾರ್ಮಲ್ ಬರಬಹುದು. ಹಾಗಂತ ನಾಳ ಸರಿ ಇದೆ ಅಂತಲ್ಲ! ನೋವು ಯಾವಾಗ ಬರ್ತದೆ ಅಂತ ಒಬ್ರಾದ್ರೂ ಅವ್ವನ್ನ ಕೇಳಿದ್ರಾ? ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ."

"ಪಿಕ್ಕಿಂಗ್ ಮುಗೀಲಿ" ಎಂದ ನಿಂಗ.

ರೋಗ ಪಿಕ್ಕಿಂಗ್ ಮುಗಿಯುವವರೆಗೆ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಒಲೆ ಮುಂದೆ ಸುಮ್ಮನೆ ಕೂತಿದ್ದಾಗಲೇ ಮುದ್ದಿಗೆ ಎದೆ ಹಿಂಡಿತು. ಈ ಸಲ ನೋವು ಹೋಗಲಿಲ್ಲ. ನಿಂಗ ಸೋಡಾ ಬಾಟ್ಲಿ ಹಿಡಿದು ಬಂದ.

"ಅದನ್ನ ಕೆಳಗಿಡಪ್ಪ!" ಅನುಶ್ರೀ ಕಿರುಚಿದಳು. "ಕೂತಾಗಲೂ ಬಂತು ಅಂದ್ರೆ ಅಪಾಯ!" ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, 108ಕ್ಕೆ ಫೋನ್ ಮಾಡಿದಳು. ರಸ್ತೆವರೆಗೆ ನಡೆಸುವುದಕ್ಕೂ ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿಯೇ ಆಂಬುಲೆನ್ಸಿಗೆ ಹೊತ್ತರು.

ಮಡಿಕೇರಿಯ ಆಸ್ಪತ್ರೆಯಲ್ಲಿ ತೆಗೆದಾಗ ಇಸಿಜಿ ಬದಲಾಗಿತ್ತು. ಔಷಧಿ ಕೊಟ್ಟು ತಕ್ಷಣ ಮೈಸೂರಿಗೆ ಕಳಿಸಿದರು. ಅಲ್ಲಿ ಕೈಯ ನಾಳದಿಂದ ಸಣ್ಣ ನಳಿಗೆ ಹಾಯಿಸಿ, ಕಟ್ಟಿದ್ದ ಜಾಗ ಅಗಲಿಸಿ, ಅದು ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಕೂರಿಸಿದರು. "ನಾಳ ಪೂರ್ತಿ ಮುಚ್ಚೋ ಮೊದಲೇ ಬಂದ್ರಿ, ಬಚಾವಾದ್ರು" ಎಂದರು ಡಾಕ್ಟರು.

ವಾರ್ಡಿನ ಹೊರಗೆ ನಿಂಗ ತಲೆ ತಗ್ಗಿಸಿ ಕೂತಿದ್ದಾಗ ರೈಟರ್ ಫೋನ್ ಬಂತು. "ಮುದ್ದಿ ಕೆಲ್ಸಕ್ಕೆ ಯಾವಾಗ ಬರ್ತಾಳೆ?"

ನಿಂಗ ಎದ್ದು ನಿಂತ. "ಎದೆ ಹಿಡ್ಕೊಂಡು ಕೂತವಳನ್ನ ನೀವು ಬೈದ್ರಿ, ನಾನು ನಕ್ಕೆ. ಅವಳು ಸಾಯ್ತಿದ್ಲು ರೈಟರೇ! ಡಾಕ್ಟ್ರು ಹೇಳೋವರೆಗೆ ಅವಳು ಬರಲ್ಲ. ಬಂದ್ರೂ ಚೀಲ ಹೊರಲ್ಲ." ಫೋನ್ ಇಟ್ಟು ಮಗಳ ಕಡೆ ನೋಡಿದ. "ಇನ್ನು ಯಾವ ಮಾತ್ರೆ, ಯಾವ ಊಟ ಅಂತ ನಂಗೂ ಹೇಳ್ಕೊಡವ್ವ. ಹೊಗೆಸೊಪ್ಪು ನಾನೂ ಬಿಡ್ತೀನಿ."

ನರ್ಸಿಂಗ್ ಓದುತ್ತಿರುವ ಮಕ್ಕಳೇ, ಎದೆನೋವು ಅಂತ ಬಂದವರನ್ನು ಬಾಯಿಬಿಟ್ಟು ಕೇಳಿ. ಏನು ಮಾಡುವಾಗ ಬರುತ್ತದೆ? ಎಲ್ಲಿಗೆ ಹರಡುತ್ತದೆ? ಕೂತರೆ ಹೋಗುತ್ತದಾ? ಹೆಂಗಸರಿಗೆ, ಶುಗರ್ ಇರುವವರಿಗೆ ಬರೀ ಸುಸ್ತು, ವಾಕರಿಕೆ, ಏದುಸಿರು ಆಗಿಯೂ ಇದು ಕಾಣಿಸಬಹುದು, ಮರೆಯಬೇಡಿ. ಮನೆಯವರೇ, ಕೂತರೂ ಹೋಗದ ನೋವಿದ್ದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಸರಿಯಾಗಿ ಕೇಳಿ, ಪೂರ್ತಿ ಪರೀಕ್ಷೆ ಮಾಡಿಸದೆ ಇನ್ನೊಬ್ಬರ ಎದೆನೋವನ್ನು ಗ್ಯಾಸ್ ಅನ್ನುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.