ಪಾಪ್ಲಿನ್ ಸಮುದ್ರ

ಸಂಜೆ ಐದು ಗಂಟೆ ನಲವತ್ತು ನಿಮಿಷ. ಚನ್ನಗಿರಿಯ ಪೇಟೆಬೀದಿಯ ತನ್ನ ಬಟ್ಟೆ ಅಂಗಡಿಯಲ್ಲಿ ಜಯದೇವಪ್ಪ ನೀಲಿ ಪಾಪ್ಲಿನ್ ಥಾನೊಂದನ್ನು ಗಾದಿಯ ಉದ್ದಕ್ಕೂ ಬಿಚ್ಚಿ ಹಾಸಿ, ಸುಕ್ಕುಗಳನ್ನು ಅಂಗೈಯಿಂದ ಸವರಿ ಸವರಿ ಅರಬ್ಬೀ ಸಮುದ್ರವನ್ನು ಸಮ ಮಾಡುತ್ತಿದ್ದ. ಮೇಲ್ತುದಿಯಲ್ಲಿ ಬಾಯಿ ತೆರೆದಿಟ್ಟ ಕತ್ತರಿ ಕರಾಚಿ ಬಂದರು. ಬಿಳಿ ದಾರದ ರೀಲುಗಳು ನಮ್ಮ ಹಡಗುಗಳು, ಕಪ್ಪು ರೀಲುಗಳು ಅವರವು. ಕಬ್ಬಿಣದ ಮೀಟರ್ ಕಡ್ಡಿಯಿಂದ ರೀಲುಗಳನ್ನು ಮೆಲ್ಲಗೆ ನೂಕುತ್ತಾ, ಎಪ್ಪತ್ತೊಂದನೇ ಇಸವಿಯ ಡಿಸೆಂಬರಿನ ನೌಕಾಯುದ್ಧವನ್ನು ಅವನು ವರ್ಷಗಟ್ಟಲೆ ಹೇಳಿದ. ವ್ಯಾಪಾರದ ಹೊತ್ತಿನಲ್ಲಿ ಹೇಳುತ್ತಿರಲಿಲ್ಲ. ಸಂಜೆ ಗಿರಾಕಿ ತೆಳುವಾದ ಮೇಲೆ, ಕೇಳುವವರು ಗಾದಿಯ ಅಂಚಿನಲ್ಲಿ ಕಾಲು ಮಡಚಿ ಕೂತ ಮೇಲೆ ಹೇಳುತ್ತಿದ್ದ. ನ್ಯಾಮತಿಯ ಸಂತೆಗೆ ಬಟ್ಟೆ ಒಯ್ದಾಗಲೂ ಆ ನೀಲಿ ಥಾನು ಜೊತೆಗಿರುತ್ತಿತ್ತು. ಅದನ್ನು ಮಾತ್ರ ಅವನು ಯಾರಿಗೂ ಕತ್ತರಿಸಿ ಕೊಟ್ಟವನಲ್ಲ.

ಅವನು ಸಮುದ್ರವನ್ನು ಒಮ್ಮೆಯೂ ಕಂಡಿರಲಿಲ್ಲ. ಆದರೂ ಪಾದಗಳನ್ನು ಅಗಲಕ್ಕೆ ಊರಿ, ನೆಲವೇ ಆ ಕಡೆ ಈ ಕಡೆ ವಾಲುತ್ತಿದೆಯೇನೋ ಎಂಬಂತೆ ಸೊಂಟದ ಮೇಲಿನ ದೇಹವನ್ನು ತೂಗಿಸಿಕೊಂಡು ಪೇಟೆಬೀದಿಯಲ್ಲಿ ನಡೆಯುತ್ತಿದ್ದ. ಮಾರ್ಚ್ ತಿಂಗಳ ಬಿಸಿಲಲ್ಲೂ ಮೈಮೇಲೆ ಕಡುನೀಲಿ ಉಣ್ಣೆಯ ಕೋಟು. ಅದರ ಹಿತ್ತಾಳೆ ಗುಂಡಿಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ಹೆಂಡತಿ ಸರ್ವಮಂಗಳಮ್ಮನ ಪಾಲಿನ ಕೆಲಸ. ಆಕೆ ಜಗಳೂರಿನವಳು. ನಮ್ಮೂರಾಗೆ ಕುಡಿಯಾಕೆ ನೀರಿಲ್ಲ, ಈ ಯಜಮಾನ್ರಿಗೆ ಹಡಗು ತೇಲಿಸಾಕೆ ನೀರು ಬೇಕು ಎಂದು ಬಂದವರೆದುರು ನಗುತ್ತಿದ್ದಳು.

ಅವನ ವಿದ್ಯೆಯೆಲ್ಲ ಬಟ್ಟೆಯ ಬೇಲುಗಳಿಂದ ಬಂದದ್ದು. ಮುಂಬಯಿಯ ಗಿರಣಿಗಳಿಂದ ಬರುವ ಬಟ್ಟೆಗೆ ಒಳಗಡೆ ಹಳೆಯ ಪತ್ರಿಕೆಗಳನ್ನು ಸುತ್ತಿರುತ್ತಿದ್ದರು. ಅವನ್ನು ಅವನು ಇಸ್ತ್ರಿ ಹಾಕಿ ನೇರ ಮಾಡಿ ಓದುತ್ತಿದ್ದ. ಸುದ್ದಿ ಅರ್ಧಕ್ಕೆ ಹರಿದಿದ್ದರೆ ಅವನ ಯುದ್ಧವೂ ಅಲ್ಲಿಗೇ ನಿಲ್ಲುತ್ತಿತ್ತು. ಹಡಗೊಂದು ಬೆಂಕಿ ಹತ್ತಿ ಉರಿಯುತ್ತಿರುವಾಗ, ಕೇಳುವವರು ಉಸಿರು ಬಿಗಿಹಿಡಿದಿರುವಾಗ, ಅವನು ಕಡ್ಡಿ ಕೆಳಗಿಟ್ಟು "ಪೇಪರ್ನಾಗೆ ಇದ್ದಿದ್ದು ಇಷ್ಟೇ" ಎನ್ನುತ್ತಿದ್ದ. ಮುಂದೆ ಏನಾಯಿತೆಂದು ಎಷ್ಟು ಗೋಗರೆದರೂ ಒಂದು ಮಾತು ಸೇರಿಸುತ್ತಿರಲಿಲ್ಲ. ಕಥೆ ಕಟ್ಟಲು ಬಾರದವನೇನಲ್ಲ. ಸೀರೆ ಮಾರುವಾಗ ಕಟ್ಟುತ್ತಿದ್ದ. ಸಮುದ್ರದ ವಿಷಯದಲ್ಲಿ ಕಟ್ಟುತ್ತಿರಲಿಲ್ಲ, ಅಷ್ಟೆ.

ಎಪ್ಪತ್ತೆಂಟರಲ್ಲಿ ನಲ್ಲೂರಿನ ಅಂಜಿನಪ್ಪ ನೌಕಾಪಡೆಯಿಂದ ನಿವೃತ್ತನಾಗಿ ಬಂದು, ಎದುರುಗಡೆಯ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕಾವಲಿಗೆ ನಿಂತ. ಅವನು ಯುದ್ಧದ ಹಡಗಿನಲ್ಲಿ ಇದ್ದವನು, ಆ ಡಿಸೆಂಬರಿನಲ್ಲೇ ಇದ್ದವನು. ಸುದ್ದಿ ತಿಳಿದ ದಿನವೇ ಜಯದೇವಪ್ಪನ ಕೇಳುಗರು ಗಾದಿಯಿಂದ ಎದ್ದು ರಸ್ತೆ ದಾಟಿದರು. ಕರಾಚಿ ಉರಿದದ್ದು ಹೇಗಿತ್ತು ಎಂದು ಕೇಳಿದ್ದಕ್ಕೆ ಅಂಜಿನಪ್ಪ ಸಂಕೋಚದಿಂದ ಹೇಳಿದ್ದು ಒಂದೇ ಮಾತು.

"ನಾನು ಕೆಳಗಿದ್ದೆ ರೀ. ಬಾಯ್ಲರ್ ಹತ್ರ."

ಅಷ್ಟು ಮಾತಿಗೆ ಜನ ತಲೆದೂಗಿದರು. ಅಂಗಡಿಯ ಒಳಗಿನಿಂದ ಜಯದೇವಪ್ಪ ನೋಡುತ್ತಿದ್ದ. ಅವನು ಗಂಟೆಗಟ್ಟಲೆ ರೀಲು ನೂಕಿ, ಗಂಟಲು ಒಣಗಿಸಿಕೊಂಡು, ದಿಕ್ಕು ಗಾಳಿ ವೇಗವನ್ನೆಲ್ಲ ಲೆಕ್ಕ ಹಾಕಿ ಹೇಳಿದಾಗ ಒಮ್ಮೆಯೂ ಬಾರದ ಆ ಮರ್ಯಾದೆ, ಆ ಮೌನ, ಏನನ್ನೂ ನೋಡದೆ ಬಂದವನಿಗೆ ಪುಕ್ಕಟೆಯಾಗಿ ಸಂದಿತ್ತು. ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ:

"ಮದುವೆ ಮನೇಲಿ ಒಲೆ ಮುಂದೆ ಕುಂತು ಬೇಳೆ ಬೇಯಿಸಿದೋನು, ಮದುವೆ ನೋಡಿದೆ ಅಂದ್ರೆ ಆಗ್ತೈತೇನೆ?"

"ಆತ ನೋಡಿದೆ ಅಂದಿಲ್ಲಲ್ರೀ," ಎಂದಳು ಸರ್ವಮಂಗಳಮ್ಮ, ಸಾರು ಬಡಿಸುತ್ತಾ. "ಹೊಟ್ಟೆ ಉರೀತೈತೆ ಅಂತ ಹೇಳ್ರಿ, ಇನ್ನೊಂದಿಷ್ಟು ಮಜ್ಜಿಗೆ ಹಾಕ್ತೀನಿ."

ಅಂದಿನಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ಬ್ಯಾಂಕು ಮುಚ್ಚಿ ಅಂಜಿನಪ್ಪ ಈ ಕಡೆ ಒಂದು ಹೆಜ್ಜೆ ಇಟ್ಟರೆ ಸಾಕು, ಜಯದೇವಪ್ಪ ಸಮುದ್ರವನ್ನು ಸುತ್ತಿಬಿಡುತ್ತಿದ್ದ. ಇದ್ದವನೆದುರು ಓದಿದವನು ಬಾಯಿ ಬಿಡುವುದು ಹೇಗೆ? ಒಂದು ತಪ್ಪು ಹಿಡಿದರೆ ಇಷ್ಟು ವರ್ಷದ ಯುದ್ಧವೆಲ್ಲ ನೀರುಪಾಲು. ಸಾಲದ್ದಕ್ಕೆ ಅಂಜಿನಪ್ಪನ ಕೇರಿಯವರು ಜಗಲಿಯ ಕೆಳಗೆ ನಿಂತೇ ಬಟ್ಟೆ ಕೊಳ್ಳುವುದು ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ರೂಢಿ. ರೂಢಿಗೆ ಜಯದೇವಪ್ಪ ಹಿಂದೆಂದೂ ಅಷ್ಟು ಅಂಟಿಕೊಂಡಿರಲಿಲ್ಲ. ಈಗ ಅದು ಅನುಕೂಲಕ್ಕೆ ಬಂತು.

ಎರಡು ವರ್ಷ ಕಳೆದ ಮೇಲೆ ಅವನ ಕೈಗೆ ಒಂದು ಆಯುಧವೂ ಸಿಕ್ಕಿತು. ಹೊನ್ನಾಳಿಯ ಮದುವೆಯೊಂದರಲ್ಲಿ ರಜೆಯ ಮೇಲೆ ಬಂದಿದ್ದ ನೌಕಾಪಡೆಯ ಗುಮಾಸ್ತನೊಬ್ಬ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ. ಜಯದೇವಪ್ಪ ಅಂಜಿನಪ್ಪನ ಹಡಗಿನ ಹೆಸರು ಹೇಳಿ ವಿಚಾರಿಸಿದ. ಗುಮಾಸ್ತ ಹೋಳಿಗೆ ಮುರಿಯುತ್ತಲೇ ಹೇಳಿದ: ಆ ಹಡಗು ಕರಾಚಿಯ ಹತ್ತಿರಕ್ಕೇ ಹೋಗಿರಲಿಲ್ಲ, ಯುದ್ಧದ ಸಾಲಿನಿಂದ ಬಹಳ ಹಿಂದೆ, ನಮ್ಮದೇ ಕಾಠಿಯಾವಾಡದ ಕರಾವಳಿಯ ಬಳಿ ಎಣ್ಣೆ ಹಡಗಿಗೆ ಕಾವಲಿತ್ತು. ಜಯದೇವಪ್ಪ ಅಂದು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡ. ಊರಿಗೆ ಬಂದವನು ಯಾರಿಗೂ ಹೇಳಲಿಲ್ಲ. ಜನ ತುಂಬಿರುವ ಒಂದು ಸಂಜೆ, ಅಂಜಿನಪ್ಪನಿಗೂ ಕೇಳುವಂತೆ, ಆ ಹಡಗಿನ ಬಿಳಿ ರೀಲನ್ನು ಹಿಂದೆ, ತೀರ ಹಿಂದೆ ಇಟ್ಟು ತೋರಿಸಬೇಕು. ಆ ಸಂಜೆಯನ್ನು ಮನಸ್ಸಿನಲ್ಲೇ ಎಷ್ಟೋ ಸಲ ನಡೆಸಿ ನೋಡಿದ. ಪ್ರತಿಸಲವೂ ಇನ್ನೂ ಸ್ವಲ್ಪ ಹೆಚ್ಚು ಜನ ಸೇರಲಿ ಎನ್ನಿಸುತ್ತಿತ್ತು.

ಜನ ಸೇರಿದ್ದು ಬೇರೆ ಕಡೆ. ಎಂಬತ್ತಾರರಲ್ಲಿ ಪಕ್ಕದ ರೇಡಿಯೋ ಅಂಗಡಿಯ ನಾಗರಾಜಪ್ಪ ಮುಂಬಯಿಯಿಂದ ವಿಡಿಯೋ ಗೇಮಿನ ಪೆಟ್ಟಿಗೆ ತಂದು ಟೀವಿಗೆ ಜೋಡಿಸಿದ. ಪರದೆಯ ಮೇಲೆ ಕಡಲುಗಳ್ಳರ ಹಡಗೊಂದು ಓಡುತ್ತಿತ್ತು. ಆಕಾಶದಿಂದ ರೆಕ್ಕೆಯ ಡ್ರ್ಯಾಗನ್ ಒಂದು ಬೆಂಕಿ ಉಗುಳುತ್ತಿತ್ತು. ಗುಂಡಿ ಒತ್ತಿದರೆ ಫಿರಂಗಿ ಹಾರುತ್ತಿತ್ತು. ವಾರದೊಳಗೆ ಜಯದೇವಪ್ಪನ ಗಾದಿ ಬರಿದಾಯಿತು. ಕೆರೆಬಿಳಚಿಯಿಂದ ಧೋತರ ಕೊಳ್ಳಲು ಬಂದವರೂ ಧೋತರ ಮರೆತು ಅಲ್ಲಿ ನಿಂತರು. ತಡೆಯಲಾರದೆ ಒಂದು ದಿನ ಅವನೂ ಕೋಟಿನ ಗುಂಡಿ ಹಾಕಿಕೊಂಡು ಹೋಗಿ, ಗುಂಪಿನ ಹಿಂದೆ ನಿಂತು, ಬಹಳ ಹೊತ್ತು ನೋಡಿದ.

"ನಾಗರಾಜಪ್ಪ, ಎರಡೂ ಕಡೆಗೆ ಓಡ್ತೈತಲ್ಲ ಈ ಹಡಗು, ಹಾಯಿಪಟ ಎರಡೂ ಸಲ ಉಬ್ಬೇ ಐತೆ. ಗಾಳಿ ಯಾವ ಕಡೆಯಿಂದ ಬೀಸ್ತೈತೆ ಇದಕ್ಕೆ?"

"ಕರೆಂಟಿಂದ ಬೀಸ್ತೈತೆ ಸಾವ್ಕಾರ್ರೇ."

"ಮತ್ತೆ ಆ ಓತಿಕ್ಯಾತ ಯಾವ ದೇಶದ ನೌಕಾಪಡೇದು?"

ಗುಂಪು ನಕ್ಕಿತು, ಆದರೆ ಯಾರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸುಳ್ಳು ಸಮುದ್ರ, ಸುಳ್ಳು ಹಡಗು. ಅದರ ಮುಂದೆ ತನ್ನ ಹರಕು ಸತ್ಯ ಸೋತಿತೆಂದು ಅವನು ಕುದಿಯುತ್ತಾ ಹಿಂದಿರುಗಿ, ಹಟಕ್ಕೆ ಬಿದ್ದವನಂತೆ, ಯಾರೂ ಇಲ್ಲದ ಅಂಗಡಿಯಲ್ಲಿ ಥಾನು ಬಿಚ್ಚಿ ರೀಲುಗಳನ್ನು ಜೋಡಿಸಿದ. ಜಗಲಿಯ ಕೆಳಗೆ ಬೂಟಿನ ಸದ್ದಾಯಿತು. ಅಂಜಿನಪ್ಪ ನಿಂತಿದ್ದ. ಈ ಸಲ ಸಮುದ್ರವನ್ನು ಸುತ್ತಲು ಸಮಯವಿರಲಿಲ್ಲ.

"ಸಾವ್ಕಾರ್ರೇ, ಒಂದು ಕೇಳಬೇಕಿತ್ತು. ಯಾವಾಗ ಬಂದ್ರೂ ಎಲ್ಲ ಸುತ್ತಿಡ್ತಿದ್ರಿ." ಅವನು ಟೋಪಿ ಕೈಗೆ ತೆಗೆದುಕೊಂಡ. "ಆವತ್ತು ನಾವು ಎಲ್ಲಿದ್ವಿ? ಕೆಳಗಿದ್ದೋರಿಗೆ ಯಾರೂ ಹೇಳ್ಲಿಲ್ಲ. ನಿಮಗೆ ಗೊತ್ತಿರ್ತೈತೆ ಅಂತಾರೆ."

ಆರು ವರ್ಷ ಮಸೆದಿಟ್ಟ ಆಯುಧಕ್ಕೆ ಎದುರಾಳಿ ತಾನಾಗಿ ಬಂದು ಕೊರಳು ಕೊಟ್ಟಿದ್ದ. ನೋಡಲು ಒಬ್ಬನೂ ಇರಲಿಲ್ಲ. ಅಂಜಿನಪ್ಪ ಕತ್ತು ಚಾಚಿದ. ಜಗಲಿಯ ಕೆಳಗಿನಿಂದ ಗಾದಿಯ ಮೇಲಿನ ಸಮುದ್ರ ಕಾಣಿಸುವುದಿಲ್ಲ. ಜಯದೇವಪ್ಪ ಸರಿದು ಗಾದಿಯ ಅಂಚಿನಲ್ಲಿ ಜಾಗ ಮಾಡಿದ.

"ಅಲ್ಲಿಂದ ಕಾಣಲ್ಲ. ಮೇಲೆ ಬಾ. ಕುಂತ್ಕೊ."

ಅಂಜಿನಪ್ಪ ಬೂಟು ಬಿಚ್ಚಿ ಬಂದು ಕೂತ. ಜಯದೇವಪ್ಪ ಬಿಳಿ ರೀಲೊಂದನ್ನು ಎತ್ತಿ, ಕತ್ತರಿಯಿಂದ ಬಹು ದೂರ, ಬಟ್ಟೆಯ ಅಂಚಿಗೆ ಅಂಟಿದಂತೆ ಇಟ್ಟ. ಗುಮಾಸ್ತ ಹೇಳಿದ್ದನ್ನು ಹೇಳಿದ. ಹೇಳಿ, ಎದುರಿನ ಮುಖ ಕುಗ್ಗುವುದನ್ನು ಕಾದ.

"ಇಷ್ಟು ದೂರಾನಾ?" ಅಂಜಿನಪ್ಪ ಕತ್ತರಿ ನೋಡಿದ, ರೀಲು ನೋಡಿದ. ಮುಖ ಕುಗ್ಗಲಿಲ್ಲ, ಸಡಿಲವಾಯಿತು. "ಆ ರಾತ್ರಿಯೆಲ್ಲ ಈಗ ಬಾಂಬು ಬೀಳ್ತೈತೆ, ಈಗ ಬೀಳ್ತೈತೆ ಅಂತ ಕಾದಿದ್ವಿ. ನಮ್ಮವ್ವ ಸಾಯೋತನಕ ಅದನ್ನೇ ಕನಸು ಕಂಡ್ಲು. ಇಷ್ಟು ದೂರ ಇದ್ದೆ ಅಂತ ಗೊತ್ತಿದ್ರೆ ನಿದ್ದೆನಾದ್ರೂ ಮಾಡ್ತಿದ್ಲು."

ಅವನು ಬೆರಳ ತುದಿಯಿಂದ ಆ ರೀಲನ್ನು ಮುಟ್ಟಿದ. ಮಲಗಿದ ಕೂಸನ್ನು ಮುಟ್ಟುವಷ್ಟು ಹಗುರವಾಗಿ ಮುಟ್ಟಿದ. ಜಯದೇವಪ್ಪ ಬೆರಗಾಗಿ ನೋಡಿದ. ಹದಿನೈದು ವರ್ಷ ತಾನು ನೂಕಿದ್ದು ದಾರದ ರೀಲನ್ನೇ. ಇವನ ಬೆರಳ ಕೆಳಗೆ ಅದು ಹಡಗಾಗಿತ್ತು. ಅಂದು ಅವನಿಗೆ ಆದಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ. ಆ ಕಿಚ್ಚಿನಲ್ಲೇ ಅವನು, ಎಂಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದ.

"ಹೆಂಗಿತ್ತಪ್ಪ ಸಮುದ್ರ?"

ಬೆಳಗ್ಗೆ ಮೇಲೆ ಬಂದಾಗ ಕಂಡಿತ್ತು ಎಂದ ಅಂಜಿನಪ್ಪ. ನೀಲಿ ಅಲ್ಲ, ಕೆರೆ ಪಾಚಿಯ ಹಸಿರಿಗೆ ಮಸಿ ಕಲಸಿದ ಹಾಗೆ.

ಮರುದಿನದಿಂದ ಗಾದಿಯ ಮೇಲೆ ಕಡುಹಸಿರು ಥಾನು ಬಂತು. ಯಾಕೆಂದು ಕೇಳಿದವರಿಗೆ ಜಯದೇವಪ್ಪ ನೀಲಿ ಖರ್ಚಾಯಿತು ಎಂದ. ಅದು ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಎಲ್ಲರಿಗೂ ಕಾಣುವಂತಿತ್ತು. ಅಂಜಿನಪ್ಪನ ಹೆಸರನ್ನು ಮಾತ್ರ ಅವನು ಬಾಯಿ ಬಿಟ್ಟು ಹೇಳಲಿಲ್ಲ.

ಇಂಥವರು ಎಲ್ಲ ಊರಲ್ಲೂ ಒಬ್ಬೊಬ್ಬರಿರುತ್ತಾರೆ. ಒಂದು ವಸ್ತುವನ್ನು ದೂರದಿಂದಲೇ ಪ್ರೀತಿಸಿ, ಅದರ ಅಂಗಾಂಗವನ್ನೂ ಅರಿತು, ಅದನ್ನು ಬಯಸದೆಯೇ ಪಡೆದವನನ್ನು ಕಂಡು ಉರಿಯುತ್ತಾರೆ. ಅವರ ಅಸೂಯೆ ಇನ್ನೊಬ್ಬನ ಸೊತ್ತಿನ ಮೇಲಿನದಲ್ಲ, ಅವನ ಸಾಮೀಪ್ಯದ ಮೇಲಿನದು. ಹತ್ತಿರ ಹೋಗಲು ಅವರಿಗೆ ಅಡ್ಡಿಯೇನೂ ಇರುವುದಿಲ್ಲ. ಹೋದರೆ ತಮ್ಮ ಪ್ರೀತಿ ಬರೀ ಓದಿನದೆಂದು ತಿಳಿದುಬಿಟ್ಟೀತೆಂಬ ಭಯವಿರುತ್ತದೆ, ಅಷ್ಟೆ. ಹಾಗಾಗಿ ಹೋಗುವುದಿಲ್ಲ, ಮರೆಯುವುದೂ ಇಲ್ಲ. ಒಮ್ಮೆ ಸರ್ವಮಂಗಳಮ್ಮ, ಬಸ್ಸು ಹತ್ತಿದರೆ ಒಂದು ದಿನದ ದಾರಿ, ಹೋಗಿ ಒಂದ್ಸಲ ಸಮುದ್ರ ಕಣ್ಣಾರೆ ನೋಡಿ ಬರಬಾರದೇನ್ರಿ ಎಂದು ಕೇಳಿದಳು. ಜಯದೇವಪ್ಪ ಅಂಗಡಿಯ ಪಡುವಣ ಗೋಡೆಯ ಕಡೆ ಮುಖ ತಿರುಗಿಸಿ, ಕಂಠಪಾಠ ಒಪ್ಪಿಸುವವನಂತೆ ಹೇಳಿದ:

"ಈ ಗೋಡೆಯಿಂದ ನೆಟ್ಟಗೆ ಹೋದ್ರೆ ತೊಂಬತ್ಮೂರು ಮೈಲಿ."